"ಇದು ವಂಶದಲ್ಲೇ ಇದ್ಯಾ ಮೇಡಂ?"

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಸಮಾಜ ಕಾರ್ಯಕರ್ತೆಯಾಗಿ ಓಡಾಡುತ್ತೇನೆ. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸೋ, ಇಲ್ಲದ್ದನ್ನು ನಿಜ ಅಂತ ನಂಬಿಸೋ ಮಾನಸಿಕ ಕಾಯಿಲೆ, ಇರೋ ಮನೆಗೆ ಕಾಲಿಟ್ಟರೆ ಮಾತ್ರೆಗಿಂತ ಮೊದಲು ಬರೋದು ಈ ಪ್ರಶ್ನೆ.

ಮೊದಮೊದಲು "ಹೌದು, ಜೀನ್‌ಗಳ ಪಾಲು ಸುಮಾರು ಶೇ. 80" ಅಂದುಬಿಡುತ್ತಿದ್ದೆ. ಅವಳಿ ಮಕ್ಕಳ ಅಧ್ಯಯನಗಳಿಂದ ಬಂದ ಲೆಕ್ಕ ಅದು, ಸುಳ್ಳಲ್ಲ. ಆದರೆ ಒಂದು ಮನೆಯಲ್ಲಿ ನನ್ನ ಮಾತು ಮುಗಿಯೋ ಮೊದಲೇ ಅಜ್ಜಿ ಸೊಸೆಯ ಕಡೆ ತಿರುಗಿ, "ನಿನ್ನ ತವರಿಂದಲೇ ಬಂದಿದ್ದು ಇದು" ಅಂದರು. ರಾಗಿ ಕೇರುತ್ತಿದ್ದ ಆ ತಾಯಿ ಮೊರ ಕೆಳಗಿಟ್ಟು ಒಳಗೆ ಹೋದರು. ನಾನು ಹೊರಡೋವರೆಗೂ ಆಚೆ ಬರಲಿಲ್ಲ. ಆ ಮೊರ ಇವತ್ತಿಗೂ ಕಣ್ಣ ಮುಂದೆ ಇದೆ. ಶೇ. 80 ಅನ್ನೋದು, ಕೆಲವರಿಗೆ ಕಾಯಿಲೆ ಬಂದು ಕೆಲವರಿಗೆ ಬಾರದಿರೋ ಜನ ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಅನ್ನೋ ಲೆಕ್ಕ. ಒಂದು ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ಅಲ್ಲ. ಅದನ್ನು ನಾನು ಬಿಡಿಸಿ ಹೇಳಿರಲಿಲ್ಲ.

ಈಗ ಗೂಡು ಎಣಿಸುತ್ತೇನೆ. ಇಲ್ಲಿ ರೇಷ್ಮೆ ಗೂಡು ಇಲ್ಲದ ಮನೆ ಕಡಿಮೆ. ಹುಳ ಗೂಡು ಕಟ್ಟೋ ಚಂದ್ರಿಕೆಯಿಂದ ಬಿಡಿಸಿದ 100 ಗೂಡು ಚಾಪೆ ಮೇಲೆ ಹರಡುತ್ತೇವೆ. ಊರಲ್ಲಿ ಯಾರನ್ನೇ 100 ಜನ ತಗೊಂಡರೂ ಜೀವಮಾನದಲ್ಲಿ ಹೆಚ್ಚೂಕಡಿಮೆ ಒಬ್ಬರಿಗೆ ಈ ಕಾಯಿಲೆ. ಒಂದು ಗೂಡು ಪಕ್ಕಕ್ಕೆ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಕಾಯಿಲೆ ಇರೋ 100 ಜನ ತಗೊಂಡರೆ ಸುಮಾರು 9. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧಕ್ಕಿಂತ ಜಾಸ್ತಿ ಸಲ ಇನ್ನೊಬ್ಬರಿಗೆ ಬರೋದೇ ಇಲ್ಲ. ಜೀನ್ ಪೂರ್ತಿ ಒಂದೇ, ಆದರೂ ಇಲ್ಲ! ಇಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ಒಂದೇ ಕೆಟ್ಟ ಜೀನ್ ತವರಿಂದ ಇಳಿದು ಬಂತು ಅನ್ನೋ ನಂಬಿಕೆಯನ್ನೂ ಅಲ್ಲೇ ಬಿಡಿಸುತ್ತೇನೆ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 76,755 ರೋಗಿಗಳ ಡಿಎನ್‌ಎ ನೋಡಿ, ಕಾಯಿಲೆಗೆ ನಂಟಿರೋ 287 ಜಾಗ ಗುರುತಿಸಿದರು. ಒಂದೊಂದರ ಪಾಲು ಚಿಟಿಕೆಯಷ್ಟು. ಅವು ಅಪ್ಪನ ಕಡೆಯಿಂದಲೂ ಬರುತ್ತವೆ, ಅಮ್ಮನ ಕಡೆಯಿಂದಲೂ. ನಮ್ಮೆಲ್ಲರಲ್ಲೂ ಸ್ವಲ್ಪ ಸ್ವಲ್ಪ ಇವೆ. ಇದನ್ನು ಅಜ್ಜಿಯರ ಮುಂದೆಯೇ, ಗಟ್ಟಿಯಾಗಿ ಹೇಳುತ್ತೇನೆ.

ಮೆದುಳಲ್ಲಿ ಏನಾಗುತ್ತೆ ಅನ್ನೋದು ಕಷ್ಟದ ಮಾತಾಗಿತ್ತು. ಅದನ್ನು ಸುಲಭ ಮಾಡಿಕೊಟ್ಟವರು ಒಬ್ಬ ರೈತರು. ಅವರ ಹಿಪ್ಪುನೇರಳೆ ತೋಟದಲ್ಲೇ ನಿಂತು, ಹರೆಯದಲ್ಲಿ ಮೆದುಳು ಬೇಡದ ನರದ ಕೊಂಡಿಗಳನ್ನು ಸವರಿಕೊಳ್ಳುತ್ತೆ ಅಂದೆ. ಅವರು ಕುಡುಗೋಲಲ್ಲಿ ಒಂದು ಕಡ್ಡಿ ಬಗ್ಗಿಸಿ, "ಇಲ್ಲಿಗೆ ಕೊಯ್ದರೆ ಚಿಗುರುತ್ತೆ. ಜಾಸ್ತಿ ಇಳಿಸಿ ಕೊಯ್ದರೆ ಗಿಡ ಸೊರಗುತ್ತೆ, ಹಂಗಾ?" ಅಂದರು. ಹಂಗೇ. ಆರನೇ ಕ್ರೋಮೋಸೋಮ್ ಅನ್ನೋ ಜೀನ್‌ಗಳ ಎಳೆಯಲ್ಲಿರೋ ಸಿ4 ಜೀನಿನ ಕೆಲವು ರೂಪಗಳು ಈ ಸವರೋ ಕೆಲಸವನ್ನು ಜಾಸ್ತಿ ಮಾಡಿಸಬಹುದು ಅನ್ನೋ ಬಲವಾದ ಸುಳಿವು 2016ರಲ್ಲಿ ಸಿಕ್ಕಿತು.

"ಹಂಗಾದ್ರೆ ನನ್ನ ಮಗನ ಮೆದುಳು ಸೊರಗಿದ್ಯಾ?" ಅಂದರು. ಸ್ಕ್ಯಾನ್ ಫಿಲ್ಮ್ ತಂದು ಬಿಸಿಲಿಗೆ ಹಿಡಿದರು. ನಡುವೆ ಚಿಟ್ಟೆಯ ರೆಕ್ಕೆ ಹಾಗೆ ಕಪ್ಪಗೆ ಕಾಣೋದು ನೀರು ತುಂಬಿದ ಜಾಗ. ಈ ಕಾಯಿಲೆಯಲ್ಲಿ ಅದು ಸರಾಸರಿ ಸ್ವಲ್ಪ ದೊಡ್ಡದು ಅಂತ ಸಿಟಿ ಸ್ಕ್ಯಾನ್‌ನಲ್ಲಿ ಕಂಡಿದ್ದು 1976ರಲ್ಲಿ. ಆದರೆ ಸರಾಸರಿ ಬೇರೆ, ನಿಮ್ಮ ಮಗ ಬೇರೆ ಅಂದೆ. ಫಿಲ್ಮ್ ನೋಡಿ ಈ ಕಾಯಿಲೆ ಇದೆ ಅಂತ ಯಾರೂ ಹೇಳೋಕಾಗಲ್ಲ, ಮುಂದೆ ಹೇಗಿರ್ತಾನೆ ಅಂತಲೂ ಹೇಳೋಕಾಗಲ್ಲ. ಮಾತ್ರೆ ತಪ್ಪದೆ ತಗೊಂಡು ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕ್ತಿದ್ದಾನಲ್ಲ, ಅದನ್ನು ನೋಡಿ ಅಂದೆ.

ಅವನ ತಂಗಿಗೆ 19. ಮದುವೆ ಮಾತು ನಿಂತುಹೋಗಿತ್ತು. ಅವಳೇ ಒಂಬತ್ತು ಗೂಡು ಪಕ್ಕಕ್ಕೆ ಸರಿಸಿ, ಉಳಿದಿದ್ದನ್ನು ಮತ್ತೊಮ್ಮೆ ಎಣಿಸಿ, "91, ಅಲ್ವಾ ಅಕ್ಕ?" ಅಂದಳು. ಅಷ್ಟನ್ನೂ ಎರಡೂ ಕೈಯಲ್ಲಿ ಬಾಚಿ ಅಮ್ಮನ ಮಡಿಲಿಗೆ ಹಾಕಿದಳು.