ಬೂಸ್ಟ್‌ನಲ್ಲಿ ಲೀನ್ ಓಡುವ ಟರ್ಬೋ ಗಾಡಿ: ತಪ್ಪು ಹಿಡಿದ ಬಗೆ

"ಅಣ್ಣಾರ, ನಾಕ ಸಾವಿರದ ಮ್ಯಾಲೆ ಗಾಡಿ ಜಗ್ಗೂದ ಇಲ್ರಿ, ಯಾರೋ ಹಿಂದಿಂದ ಹಿಡದ್ಹಂಗ ಆಗತೈತಿ." ದೂರು ಇಷ್ಟೇ. ಹುಡುಕಿದಾಗ ಸಿಕ್ಕಿದ್ದು ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದ್ದು, ಅದೂ ಬೂಸ್ಟ್‌ನಲ್ಲಿ, ಟರ್ಬೋ ಗಾಳಿಯನ್ನು ಒತ್ತಿ ತುಂಬುವಾಗ. ಚೆಕ್ ಇಂಜಿನ್ ಲೈಟ್ ಇಲ್ಲ, ಸ್ಕ್ಯಾನರ್ ಹಚ್ಚಿದರೆ ಒಂದು ಕೋಡೂ ಇಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಈ ಗಾಡಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಕಂಪನಿಯ ಆಕ್ಸಿಜನ್ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು ತನ್ನೊಳಗಿನ ಮ್ಯಾಪ್‌ನಲ್ಲಿ, ಅಂದರೆ ಪೆಟ್ರೋಲ್ ಲೆಕ್ಕದ ಪಟ್ಟಿಯಲ್ಲಿ, ಬರೆದಷ್ಟೇ ಪೆಟ್ರೋಲ್ ಹಾಕುತ್ತದೆ. ಕೇಳದವನು ದೂರು ಬರೆಯುವುದಾದರೂ ಹೇಗೆ? ಪಿಸ್ಟನ್ ಕರಗುವ ತನಕ ಲೈಟ್ ಹತ್ತದೆ ಇರಬಹುದು.

ಗಾಡಿ 1.4 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಟರ್ಬೋ, ಪೋರ್ಟ್ ಇಂಜೆಕ್ಷನ್. ಬೂಸ್ಟ್ 1.1 ಬಾರ್‌ಗೆ ಏರಿಸಿದ್ದಾರೆ. 3 ಬಾರ್‌ನಲ್ಲಿ ನಿಮಿಷಕ್ಕೆ 360 ಸಿಸಿ ಕೊಡುವ ಇಂಜೆಕ್ಟರ್, ಟ್ಯಾಂಕಿನಲ್ಲಿ ಗಂಟೆಗೆ 255 ಲೀಟರಿನ ಪಂಪು, ಬಾನೆಟ್ ಕೆಳಗೆ ಪೆಟ್ರೋಲ್ ಒತ್ತಡ ಹಿಡಿದಿಡುವ, ಬೂಸ್ಟ್ ಪೈಪು ಜೋಡಿಸಿದ ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕಿಗೆ ರಿಟರ್ನ್ ಲೈನ್. ಮ್ಯಾಪ್ 2022ರದ್ದು. ಗಾಳಿ ಅಳೆಯಲು ಮ್ಯಾಪ್ ಸೆನ್ಸರ್ (ಇದು ಬೇರೆ ಮ್ಯಾಪ್, ಮ್ಯಾನಿಫೋಲ್ಡ್ ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ ಅಳೆಯುವುದು), ಒಳಬರುವ ಗಾಳಿಯನ್ನೇ ಅಳೆಯುವ ಎಂಎಎಫ್ ಇಲ್ಲ. ಇದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎಂಎಎಫ್ ಇರುವ ಗಾಡಿಯಲ್ಲಿ ಇಂಟರ್‌ಕೂಲರ್ ಪೈಪು ಬಿಟ್ಟರೆ ಅಳೆದ ಗಾಳಿ ಹೊರಗೆ ಹೋಗಿ ಇಂಜಿನ್ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ, ಲೀನ್ ಆಗುವುದಿಲ್ಲ. ಮ್ಯಾಪ್ ಸೆನ್ಸರ್ ಗಾಡಿಯಲ್ಲಿ ಬೂಸ್ಟ್ ಕಡಿಮೆಯಾಗುತ್ತದೆ, ಮಿಶ್ರಣ ಹೆಚ್ಚೇನೂ ಕೆಡುವುದಿಲ್ಲ. ಆದರೂ ಲೀನ್ ಅಂದ ಕೂಡಲೇ ಎಲ್ಲರೂ ಕ್ಲಾಂಪ್ ಬಿಗಿಯಲು ಹೋಗುತ್ತಾರೆ.

ಅಳತೆಗೆ ಕೂರುವ ಮುಂಚೆ ಅಳೆಯುವ ಸಾಧನವನ್ನೇ ಪರೀಕ್ಷಿಸಿದೆ. ಎಕ್ಸಾಸ್ಟ್‌ನಲ್ಲಿ ಲ್ಯಾಂಬ್ಡಾ (1 ಅಂದರೆ ಗಾಳಿ-ಪೆಟ್ರೋಲ್ ಸಮ, ಕಡಿಮೆಯಾದರೆ ರಿಚ್, ಹೆಚ್ಚಾದರೆ ಲೀನ್) ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನು ಬಿಚ್ಚಿ ಹೊರಗಿನ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಮತ್ತೆ ಕೂರಿಸಿದೆ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಸೇರಿ ಸುಳ್ಳು ಲೀನ್ ತೋರಿಸುತ್ತದೆ, ಅದೂ ಐಡ್ಲಿಂಗ್‌ನಲ್ಲೇ ಹೆಚ್ಚು. ಅಲ್ಲಿ ಮಸಿ ಗುರುತು ಇರಲಿಲ್ಲ. ಪ್ಲಗ್ ಗ್ಯಾಪ್ 0.6 ಮಿ.ಮೀ.ಗೆ ತಂದೆ. ಮಿಸ್‌ಫೈರ್ ಆದಾಗಲೂ ಉರಿಯದೆ ಉಳಿದ ಆಕ್ಸಿಜನ್ ನೋಡಿ ಸೆನ್ಸರ್ ಲೀನ್ ಅನ್ನುತ್ತದೆ. ಆದರೆ ಅದರ ಗೆರೆ ಗರಗಸದ ಹಲ್ಲಿನ ಹಾಗೆ ಕುಣಿಯುತ್ತದೆ. ಪೆಟ್ರೋಲ್ ಸಾಲದಾದಾಗ ಗೆರೆ ದಿನ್ನೆ ಏರಿದ ಹಾಗೆ ನುಣ್ಣಗೆ ಏರುತ್ತದೆ.

ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೈಲಿಗೆ 0–10 ಬಾರ್‌ನ ಎಲೆಕ್ಟ್ರಿಕ್ ಪ್ರೆಶರ್ ಸೆನ್ಸರ್ ಕೂರಿಸಿದೆ. 0.5ರಿಂದ 4.5 ವೋಲ್ಟ್, ಅಂದರೆ ಬಾರ್‌ಗೆ 0.4 ವೋಲ್ಟ್. ಮುಳ್ಳಿನ ಗೇಜಿಗೆ ಪೆಟ್ರೋಲ್ ತುಂಬಿದ ಪೈಪನ್ನು ಕ್ಯಾಬಿನ್ ಒಳಗೆ ಎಳೆದುಕೊಂಡು ಓಡಿಸುವವರಿದ್ದಾರೆ, ಅದು ಬೇಡವೇ ಬೇಡ. ಆರ್‌ಪಿಎಂ, ಮ್ಯಾಪ್ ಸೆನ್ಸರ್, ಲ್ಯಾಂಬ್ಡಾ, ರೈಲ್ ಪ್ರೆಶರ್, ಇಂಜೆಕ್ಟರ್ ಪಲ್ಸ್, ಬ್ಯಾಟರಿ ವೋಲ್ಟೇಜ್ ಈ ಆರನ್ನೂ ಒಂದೇ ಲಾಗ್‌ನಲ್ಲಿ ಹಿಡಿಯಬೇಕು. ಬೆಳಗಿನ ಜಾವ, ರಸ್ತೆ ಖಾಲಿ ಇರುವಾಗ ಬೆಳಗಾವಿ ಹತ್ತಿರದ ವಂಟಮೂರಿ ಏರಿನಲ್ಲಿ ಎರಡನೇ ಗೇರ್‌ನಲ್ಲಿ ಎಳೆದೆವು. ಏರಿನಲ್ಲಿ ಲೋಡ್ ಪೂರ್ತಿ ಬೀಳುತ್ತದೆ, ವೇಗ ಮಿತಿಯೊಳಗೇ ಉಳಿಯುತ್ತದೆ. ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಲ್ಯಾಂಬ್ಡಾ 0.95 ದಾಟಿದ್ದು ಕಂಡ ಕೂಡಲೇ ಅವರು "ಬಿಡ್ರಿ" ಅನ್ನಬೇಕು, ಕಾಲು ಆ ಕ್ಷಣ ಮೇಲೆ ಬರಬೇಕು.

ಊರಿಗೆ ಸಂಬಂಧಿಸಿದ ಒಂದು ಲೆಕ್ಕ ಇಲ್ಲಿದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಇಲ್ಲಿ ವಾತಾವರಣದ ಒತ್ತಡ 101 ಅಲ್ಲ, 92 ಕೆಪಿಎ ಆಸುಪಾಸು. ಮ್ಯಾಪ್ ಸೆನ್ಸರ್ 202 ತೋರಿಸಿದರೆ ಬೂಸ್ಟ್ 110 ಕೆಪಿಎ, ಅಂದರೆ 1.1 ಬಾರ್. ಪುಸ್ತಕದಲ್ಲಿದೆ ಅಂತ 101 ಕಳೆದರೆ ಲೆಕ್ಕದಲ್ಲಿ 0.09 ಬಾರ್ ತಪ್ಪಿ, ಇಲ್ಲದ ದೋಷ ಕಾಣಲು ಶುರುವಾಗುತ್ತದೆ. ಇಂಜಿನ್ ಬಂದ್ ಇಟ್ಟು ಬರೀ ಇಗ್ನಿಷನ್ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ ಎಷ್ಟು ತೋರಿಸುತ್ತದೋ ಅದನ್ನೇ ಕಳೆಯಿರಿ.

ರೆಗ್ಯುಲೇಟರ್ ಕೆಲಸ ಸರಳ. ಅದರ ಬೂಸ್ಟ್ (ವ್ಯಾಕ್ಯೂಮ್) ಪೈಪು ತೆಗೆದಾಗ ರೈಲ್‌ನಲ್ಲಿ 3 ಬಾರ್. ಪೈಪು ಹಚ್ಚಿದ ಮೇಲೆ ಮ್ಯಾನಿಫೋಲ್ಡ್ ಎಷ್ಟು ಏರುತ್ತದೋ ರೈಲ್ ಅಷ್ಟೇ ಏರಬೇಕು, ಎಷ್ಟು ಇಳಿಯುತ್ತದೋ ಅಷ್ಟೇ ಇಳಿಯಬೇಕು. ಐಡ್ಲಿಂಗ್‌ನಲ್ಲಿ ಮ್ಯಾಪ್ ಸೆನ್ಸರ್ 35 ಕೆಪಿಎ ಇದ್ದಾಗ ರೈಲ್ 2.4 ಬಾರ್ ತೋರಿಸಿತು, ಸರಿ. 1.1 ಬಾರ್ ಬೂಸ್ಟ್‌ನಲ್ಲಿ 4.1 ಬರಬೇಕು. ಲಾಗ್‌ನಲ್ಲಿ 3500 ಆರ್‌ಪಿಎಂ ತನಕ 4.1 ನಿಂತಿತ್ತು. 4500ಕ್ಕೆ 3.7. 5500ಕ್ಕೆ 3.3. ಲ್ಯಾಂಬ್ಡಾ 3000ದಲ್ಲಿ 0.835, 4500ರಲ್ಲಿ 0.90, 5500ರಲ್ಲಿ 0.97. ಮ್ಯಾಪ್‌ನಲ್ಲಿ ಬರೆದಿದ್ದು ಎಲ್ಲ ಕಡೆ 0.80.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಇಂಜೆಕ್ಟರಿನಿಂದ ಹೋಗುವ ಪೆಟ್ರೋಲು ಒತ್ತಡದ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. 5500ರಲ್ಲಿ ರೈಲ್ 3.3, ಎದುರಿನಿಂದ ತಳ್ಳುವ ಬೂಸ್ಟ್ 1.1. ಉಳಿದಿದ್ದು 2.2. ಇರಬೇಕಾದದ್ದು 3. 2.2ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.856, ಅಂದರೆ ಪೆಟ್ರೋಲ್ ಶೇ. 14 ಕಡಿಮೆ. 0.80ನ್ನು 0.856ರಿಂದ ಭಾಗಿಸಿದರೆ 0.935. ಆದರೆ ಸೆನ್ಸರ್ ಹೇಳಿದ್ದು 0.97. ಒತ್ತಡ ಬಿದ್ದಿದ್ದಷ್ಟೇ ಕಾರಣವಾದರೆ ಇಷ್ಟು ಏರಬಾರದು. ಇನ್ನೊಂದು ಸುಳಿವು 3000 ಆರ್‌ಪಿಎಂನಲ್ಲಿದೆ: ಅಲ್ಲಿ ಒತ್ತಡ ಪೂರ್ತಿ ಇದ್ದರೂ 0.80 ಬದಲು 0.835. ಈ 0.835ನ್ನೇ 0.856ರಿಂದ ಭಾಗಿಸಿದರೆ 0.975. ಈಗ ಲೆಕ್ಕ ಕೂಡಿತು. ಇದರಲ್ಲಿ ಎರಡು ರೋಗ ಇವೆ. ಒಂದು ಎಲ್ಲ ಆರ್‌ಪಿಎಂಗಳಲ್ಲೂ ಸಮನಾಗಿ ಶೇ. 4 ಲೀನ್. ಇನ್ನೊಂದು ಪೆಟ್ರೋಲ್ ಬೇಡಿಕೆ ಏರಿದಂತೆ ಏರುವ ಲೀನ್.

ಸಮನಾದದ್ದರ ಮೂಲ ನಮ್ಮ ಕಬ್ಬಿನ ಗದ್ದೆಯಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಪೆಟ್ರೋಲಿಗೇ ಸೇರುತ್ತದೆ. ಶೇ. 20 ಎಥೆನಾಲ್ ಬೆರೆತ ಇ20 ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ಈ ಮ್ಯಾಪ್ ಅದಕ್ಕಿಂತ ಹಳೆಯದು, ಇ10ಕ್ಕೆ ಮಾಡಿದ್ದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಇ10ಕ್ಕೆ ಸುಮಾರು 14.1, ಇ20ಗೆ 13.5. ಅದೇ ಗಾಳಿಗೆ ಇ20 ಶೇ. 4ಕ್ಕೂ ಸ್ವಲ್ಪ ಹೆಚ್ಚು ಬೇಕು. ಹೆದ್ದಾರಿಯಲ್ಲಿ ಆರಾಮಾಗಿ ಓಡಿಸುವಾಗ ಇಸಿಯು ಟ್ರಿಮ್‌ನಲ್ಲಿ (ಸೆನ್ಸರ್ ನೋಡಿ ಮಾಡುವ ಶೇಕಡಾ ತಿದ್ದುಪಡಿ) ಇದನ್ನು ತುಂಬಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ +4, ಕ್ರೂಸ್‌ನಲ್ಲಿ +5 ತೋರಿಸುತ್ತಿತ್ತು. ವ್ಯಾಕ್ಯೂಮ್ ಲೀಕ್ ಆಗಿದ್ದರೆ ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ಕರಗುತ್ತಿತ್ತು. ಪೂರ್ತಿ ಲೋಡಿನಲ್ಲಿ ಈ ಇಸಿಯು ಟ್ರಿಮ್ ಹಚ್ಚುವುದಿಲ್ಲ, ಅದಕ್ಕೇ ಅಲ್ಲಿ ಶೇ. 4 ಬರಿಗೈ.

ಊಹೆಗೆ ಬಿಡಬಾರದು ಅಂತ ಟ್ಯಾಂಕಿನ 100 ಮಿ.ಲೀ. ಪೆಟ್ರೋಲನ್ನು ಅಳತೆ ಗುರುತಿನ ಗಾಜಿನ ಕೊಳವೆಗೆ ಹಾಕಿ, 20 ಮಿ.ಲೀ. ನೀರು ಸೇರಿಸಿ, ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಟ್ಟೆ. ಎಥೆನಾಲ್ ನೀರಿಗೆ ಹೋಗುತ್ತದೆ. ಕೆಳಗಿನ ಪದರ 20ರಿಂದ 39ಕ್ಕೆ ಏರಿತ್ತು. ಇ20 ಅನ್ನಲು ಅಷ್ಟು ಸಾಕು.

ಈಗ ದೊಡ್ಡ ರೋಗ. ಇಂಜೆಕ್ಟರ್ ಸಾಲದೇ ಅಂತ ಮೊದಲು ನೋಡಿದೆ. ಪಲ್ಸ್ 16.4 ಮಿಲಿಸೆಕೆಂಡನ್ನು 5500ರಿಂದ ಗುಣಿಸಿ 1200ರಿಂದ ಭಾಗಿಸಿದರೆ ಡ್ಯೂಟಿ, ಅಂದರೆ ಇಂಜೆಕ್ಟರ್ ತೆರೆದಿರುವ ಹೊತ್ತು, ಶೇ. 75. ಇನ್ನೂ ಜಾಗ ಇದೆ. ಶೇ. 75 ಅಂದರೆ ನಾಲ್ಕು ಇಂಜೆಕ್ಟರಿಗೆ ನಿಮಿಷಕ್ಕೆ 1080 ಮಿ.ಲೀ., ಗಂಟೆಗೆ 65 ಲೀಟರ್. 255ರ ಪಂಪು 65 ಕೊಡಲಾರದು ಅಂದರೆ ಪಂಪು ಎತ್ತಿದ್ದು ದಾರಿಯಲ್ಲಿ ಎಲ್ಲೋ ಹೋಗುತ್ತಿದೆ, ಇಲ್ಲ ಪಂಪಿಗೆ ಎತ್ತಲು ಬಿಡುತ್ತಿಲ್ಲ.

ರಿಟರ್ನ್ ಪೈಪು ಬಿಚ್ಚಿ ಉಕ್ಕಿನ ಕ್ಯಾನಿಗೆ ಬಿಟ್ಟೆ. ಇಂಜಿನ್ ಬಂದ್ ಇರುವಾಗ ಪಂಪು ಕಳಿಸಿದ್ದೆಲ್ಲ ರೆಗ್ಯುಲೇಟರ್ ದಾಟಿ ಅಲ್ಲಿಗೇ ಬರುತ್ತದೆ. ಇದನ್ನು ಬಯಲಲ್ಲಿ ಮಾಡಬೇಕು, ಪಕ್ಕದಲ್ಲಿ ಅಗ್ನಿಶಾಮಕ ಇರಬೇಕು, ಪಂಪು ಚಾಲೂ ಮಾಡುವ ಜಂಪರನ್ನು ಕ್ಯಾನಿನಿಂದ ದೂರ ರಿಲೇ ಸಾಕೆಟ್‌ನಲ್ಲಿ ಹಾಕಬೇಕು. ಬ್ಯಾಟರಿಗೆ ಚಾರ್ಜರ್ ಹಚ್ಚಿ 13.8 ವೋಲ್ಟ್ ಹಿಡಿದಿಟ್ಟೆ, ಇಲ್ಲದಿದ್ದರೆ ಓಡುವಾಗಿನ ಸ್ಥಿತಿ ಸಿಗುವುದಿಲ್ಲ. 30 ಸೆಕೆಂಡಿಗೆ 540 ಮಿ.ಲೀ. ಬಂತು. ಗಂಟೆಗೆ 65 ಲೀಟರ್, ಬೇಕಾದಷ್ಟೇ! ಇಲ್ಲೇ ಬಹಳ ಮಂದಿ ಪಂಪಿಗೆ ಪಾಸ್ ಕೊಟ್ಟು ಏಳುತ್ತಾರೆ. ಆದರೆ ಇದು 3 ಬಾರ್‌ನ ಲೆಕ್ಕ, ಗಾಡಿ ಕೇಳುವುದು 4.1ರಲ್ಲಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಮೂತಿಗೆ ಗೇಜ್ ಇರುವ ಸೈಕಲ್ ಪಂಪು ಜೋಡಿಸಿ 1.1 ಬಾರ್ ಗಾಳಿ ತುಂಬಿದೆ. ರೆಗ್ಯುಲೇಟರಿಗೆ ಬೂಸ್ಟ್ ಬಂದಂತೆಯೇ. ರೈಲ್ 4.1 ಆಯಿತು, ಕ್ಯಾನಿಗೆ 30 ಸೆಕೆಂಡಿಗೆ ಬಂದಿದ್ದು 350 ಮಿ.ಲೀ. ಮಾತ್ರ. ಗಂಟೆಗೆ 42. ವಂಟಮೂರಿ ಏರಿನಲ್ಲಿ ಆಗಿದ್ದು ಗ್ಯಾರೇಜ್ ಅಂಗಳದಲ್ಲಿ ಕ್ಯಾನಿನೊಳಗೆ ಕಂಡಿತು.

ರಿಟರ್ನ್ ಪೈಪನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಹಿಸುಕಿ ನೋಡಿದೆ. ಇದು ರೆಗ್ಯುಲೇಟರ್ ಮೇಲಿನ ಅನುಮಾನ ಬಿಡಿಸಲು. ಪಂಪು ಗಟ್ಟಿ ಇದ್ದರೆ ಒತ್ತಡ 6 ಬಾರ್ ದಾಟಿ ಜಿಗಿಯಬೇಕು. 5ರ ಹತ್ತಿರ ಹೋಗಿ ನಿಂತಿತು. ತಪ್ಪು ರೆಗ್ಯುಲೇಟರಿಗಿಂತ ಹಿಂದೆ, ಟ್ಯಾಂಕಿನ ಕಡೆ ಇದೆ.

ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ 11.4. ಎಲ್ಲಿ ಹೋಯಿತು ಅಂತ ಬೇರೆ ಬೇರೆ ಅಳೆದೆ: ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ 1.6 ವೋಲ್ಟ್ ನಷ್ಟ, ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ 0.8. ಸಣ್ಣ ಪಂಪಿಗೆಂದು ಹಾಕಿದ ಕಂಪನಿಯ ತೆಳು ವೈರಿನಲ್ಲೇ ದೊಡ್ಡ ಪಂಪು ಓಡಿಸುತ್ತಿದ್ದರು. ಪಂಪು ಓಡುತ್ತಿರುವಾಗಲೇ ಇದನ್ನು ಅಳೆಯಬೇಕು. ಕನೆಕ್ಟರ್ ಬಿಚ್ಚಿ ಅಳೆದರೆ ಕರೆಂಟ್ ಹರಿಯದೆ 13.8ನ್ನೇ ತೋರಿಸಿ ಮೋಸ ಮಾಡುತ್ತದೆ.

ಆದರೆ 11.4 ವೋಲ್ಟಿಗೂ ಈ ಪಂಪು 42ಕ್ಕೆ ಇಳಿಯುವಂಥದ್ದಲ್ಲ. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಕಡಿಮೆ ಪೆಟ್ರೋಲ್ ಉಳಿಸಿ, ಒತ್ತಡ ಇಳಿಸಿ, ಬ್ಯಾಟರಿ ಮೈನಸ್ ತೆಗೆದು ಪಂಪ್ ಮಾಡ್ಯೂಲ್ ಹೊರಗೆ ಎತ್ತಿದೆ. ತಳದ ಜಾಲರಿ ಕಂದು ಬಣ್ಣದ ನುಣುಪು ಕೆಸರಿನಿಂದ ಮುಚ್ಚಿತ್ತು, ಎಥೆನಾಲ್ ಹಳೆ ಟ್ಯಾಂಕಿನ ಕೊಳೆಯನ್ನು ಬಿಡಿಸಿ ತರುತ್ತದೆ. ನಿಜವಾದ ಕಳ್ಳ ಅದರ ಮೇಲಿದ್ದ. ಪಂಪಿನಿಂದ ಮುಚ್ಚಳದವರೆಗಿನ ಗೇಣುದ್ದದ ರಬ್ಬರ್ ಪೈಪು ಉಬ್ಬಿ, ಬೆರಳಿಗೆ ಅಂಟುವಷ್ಟು ಮೆತ್ತಗಾಗಿತ್ತು. ಕ್ಲಾಂಪಿನ ಅಂಚಿನಲ್ಲಿ ಬಾಗಿಸಿದರೆ ಮೀನಿನ ಬಾಯಿಯಂತೆ ತೆರೆಯುವ 6 ಮಿ.ಮೀ. ಸೀಳು. ಒತ್ತಡ ಏರಿದಂತೆ ಸೀಳು ತೆರೆದು ಪೆಟ್ರೋಲ್ ಟ್ಯಾಂಕಿಗೇ ವಾಪಸ್ ಬೀಳುತ್ತಿತ್ತು. ಹೊರಗೆ ಒಂದು ಹನಿ ಇಲ್ಲ, ವಾಸನೆ ಇಲ್ಲ. ಪೈಪಿನ ಮೇಲೆ 30ಆರ್9 ಅಂತ ಅಚ್ಚಿತ್ತು. ಅದು ಇಂಜೆಕ್ಷನ್ ಒತ್ತಡ ತಡೆಯುವ ಒಳ್ಳೆಯ ಪೈಪೇ, ಆದರೆ ಒಳಗಡೆ ಮಾತ್ರ ಪೆಟ್ರೋಲ್ ಇರಲಿ ಅಂತ ಮಾಡಿದ್ದು. ಪೆಟ್ರೋಲಿನಲ್ಲಿ ಮುಳುಗಿಸಿಡುವ ಪೈಪಿಗೆ 30ಆರ್10 ಅಂತ ಅಚ್ಚಿರಬೇಕು. ಬೆಲೆ ಹೆಚ್ಚು, ಉದ್ಯಮಬಾಗದ ಹೈಡ್ರಾಲಿಕ್ ಪೈಪಿನ ಅಂಗಡಿಯವರಿಗೆ ಕೇಳುವಾಗ ಬರೀ "ಪೆಟ್ರೋಲ್ ಪೈಪು" ಅಂದರೆ ಹೊರಗಿನದ್ದನ್ನೇ ಕೊಡುತ್ತಾರೆ. ಅಚ್ಚು ಓದಿಯೇ ತರಬೇಕು.

ಪೈಪು, ಜಾಲರಿ, ಹೊರಗಿನ ಫಿಲ್ಟರ್ ಬದಲಿಸಿದೆ. ಹಲ್ಲಿನ ಸ್ಕ್ರೂ ಕ್ಲಾಂಪ್ ತೆಗೆದು ಅಂಚು ನುಣುಪಾಗಿರುವ ಇಂಜೆಕ್ಷನ್ ಕ್ಲಾಂಪ್ ಹಾಕಿದೆ, ಹಲ್ಲಿನದ್ದೇ ರಬ್ಬರನ್ನು ಕೊರೆಯುವುದು. ವೈರಿಂಗ್ ಮುಟ್ಟದೆ ಮತ್ತೆ 4.1 ಬಾರ್‌ನಲ್ಲಿ ಅಳೆದಾಗ 30 ಸೆಕೆಂಡಿಗೆ 1150 ಮಿ.ಲೀ. ಒಂದೊಂದಾಗಿ ಬದಲಿಸಿ ಅಳೆದರೆ ಯಾವುದರಿಂದ ಎಷ್ಟು ಬಂತು ಗೊತ್ತಾಗುತ್ತದೆ. ಆಮೇಲೆ ವೈರಿಂಗ್: ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್, 4 ಚದರ ಮಿ.ಮೀ. ತಾಮ್ರದ ವೈರ್, 40 ಆಂಪಿಯರ್ ರಿಲೇಯ 30ನೇ ಪಿನ್. 87ರಿಂದ ಪಂಪಿಗೆ. ಕಂಪನಿಯ ಹಳೇ ಪಂಪ್ ವೈರ್ 86ಕ್ಕೆ, 85 ಅರ್ತಿಂಗ್. ಹಳೇ ವೈರನ್ನೇ ರಿಲೇ ಎತ್ತಲು ಬಳಸಿದರೆ ಇಂಜಿನ್ ನಿಂತ ಕೂಡಲೇ ಇಸಿಯು ಪಂಪು ನಿಲ್ಲಿಸುವ ವ್ಯವಸ್ಥೆ ಉಳಿಯುತ್ತದೆ. ಇಗ್ನಿಷನ್‌ಗೆ ನೇರ ಕಟ್ಟಿದರೆ ಅಪಘಾತದಲ್ಲಿ ಪೈಪು ಹರಿದಾಗಲೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅರ್ತಿಂಗನ್ನೂ ಅಷ್ಟೇ ದಪ್ಪದ ವೈರಿನಲ್ಲಿ, ಪೇಂಟ್ ಕೆರೆದ ಬಾಡಿಗೆ ಕೊಟ್ಟೆ. ಪಂಪಿನಲ್ಲಿ 13.3 ವೋಲ್ಟ್, ಕ್ಯಾನಿಗೆ 1600 ಮಿ.ಲೀ. ರಿಟರ್ನ್ ಹಿಸುಕಿದರೆ 6 ದಾಟಿತು.

ಇದೆಲ್ಲ ಬಿಟ್ಟು ಮ್ಯಾಪ್‌ನಲ್ಲೇ ಮೇಲಿನ ಆರ್‌ಪಿಎಂಗೆ ಪೆಟ್ರೋಲ್ ಸೇರಿಸಿ ಅನ್ನುವ ಸಲಹೆ ಮಾಲೀಕರಿಗೆ ಮೊದಲೇ ಸಿಕ್ಕಿತ್ತು. ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದರೆ ರೈಲ್ ಇನ್ನೂ ಬೇಗ ಖಾಲಿಯಾಗುತ್ತದೆ, ಪಂಪು ಕೊಡದಿದ್ದನ್ನು ಮ್ಯಾಪ್ ಕೊಡಲಾರದು. ಹೇಗೋ ತೇಪೆ ಹಾಕಿದರೂ ಸೀಳು ಒಂದಿಷ್ಟು ಹಿಗ್ಗಿದ ದಿನ ಮತ್ತೆ ಲೀನ್.

ಅದೇ ಏರಿನಲ್ಲಿ ಮತ್ತೆ ಎಳೆದಾಗ ರೈಲ್ 6000 ತನಕ 4.1ರಿಂದ ಅಲುಗಲಿಲ್ಲ. ಲ್ಯಾಂಬ್ಡಾ ಕೆಳಗಿಂದ ಮೇಲಿನವರೆಗೆ ಚಪ್ಪಟೆ 0.835. ಈಗ ಮಾತ್ರ ಮ್ಯಾಪ್ ಮುಟ್ಟಿದೆ: ಇಂಧನದ ಸ್ಥಿರಾಂಕ 14.1ರಿಂದ 13.5. ಮುಂದಿನ ಲಾಗ್‌ನಲ್ಲಿ 0.80, ಕ್ರೂಸ್ ಟ್ರಿಮ್ +1, ಡ್ಯೂಟಿ ಶೇ. 78. ಕೆಸರು ಇನ್ನೂ ಬಿಡುತ್ತಿರುತ್ತದೆ ಅಂತ 500 ಕಿ.ಮೀ. ಆದ ಮೇಲೆ ಹೊರಗಿನ ಫಿಲ್ಟರ್ ಬಿಚ್ಚಿ, ಬಂದ ದಾರಿಯ ಕಡೆಯಿಂದ ಬಿಳಿ ಬಟ್ಟಲಿಗೆ ಕೊಡವಿ ನೋಡಿದೆ. ಕಂದು ಬಣ್ಣ ಸ್ವಲ್ಪ ಇತ್ತು, ಇನ್ನೊಂದು ಹೊಸ ಫಿಲ್ಟರ್ ಹಾಕಿಸಿದೆ.