ಬೆನ್ನುಹುರಿ ಚಿಕಿತ್ಸೆಯ ‘ಪವಾಡ’ದ ಸುದ್ದಿ: ಓದುವುದು ಹೇಗೆ?

ವಿಡಿಯೊ ಅರ್ಧ ನಿಮಿಷದ್ದು. ಎರಡು ಕಂಬಿಗಳ ನಡುವೆ ಒಬ್ಬಾತ ನಿಂತಿದ್ದಾನೆ. ಬಲಗಾಲು ನಿಧಾನವಾಗಿ ಎದ್ದು ಮುಂದೆ ಬೀಳುತ್ತದೆ, ಹಿಂದಿನಿಂದ ಚಪ್ಪಾಳೆ ಕೇಳುತ್ತದೆ. ಕೆಳಗೊಂದು ಸಾಲು: ‘ಬೆನ್ನುಹುರಿ ತುಂಡಾದವನು ಮತ್ತೆ ನಡೆದ!’ ಮನೆಯಲ್ಲಿ ಕಾಲು ಸ್ವಾಧೀನ ತಪ್ಪಿದವರು ಒಬ್ಬರಿದ್ದರೆ ಸಾಕು, ಇಂಥ ವಿಡಿಯೊ ನಾಲ್ಕೂ ಕಡೆಯಿಂದ ಬರುತ್ತದೆ. ಕಳಿಸಿದವರ ಮನಸ್ಸೇನೋ ಒಳ್ಳೆಯದೇ.

ಅದನ್ನೇ ಇನ್ನೊಮ್ಮೆ ನೋಡಿ, ಈ ಸಲ ಕಾಲನ್ನು ಬಿಟ್ಟು ಉಳಿದುದನ್ನು. ಸೊಂಟಕ್ಕೆ ಬಿಗಿದ ಪಟ್ಟಿಯೊಂದು ಮೇಲಿನ ಕೊಂಡಿಗೆ ಸೇರಿದೆ. ಮೈಭಾರದ ಒಂದು ಪಾಲನ್ನು ಅದು ಹೊತ್ತಿದೆ. ಕೆಳಗೆ ಕುಳಿತ ಫಿಸಿಯೊಥೆರಪಿಸ್ಟ್‌ನ ಅಂಗೈ ಮೊಣಕಾಲಿಗೆ ತಾಗಿಕೊಂಡಿದೆ. ಇಷ್ಟರಿಂದ ವಿಡಿಯೊ ಸುಳ್ಳಾಗುವುದಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರ ನಿಜಕ್ಕೂ ಮುಂದೆ ಬಂದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿರುವವರು 1.5 ಕೋಟಿಗೂ ಹೆಚ್ಚು, ವಿಡಿಯೊದಲ್ಲಿರುವುದು ಒಬ್ಬ. ಅವನ ಸುದ್ದಿ ನಿಮ್ಮ ಮನೆಯವರಿಗೆ ಎಷ್ಟು ಅನ್ವಯಿಸುತ್ತದೆ ಎಂದು ತಿಳಿಯುವ ದಾರಿ ಇಲ್ಲಿದೆ.

ಹಂತ 1: ಮೊದಲು ನಿಮ್ಮದೇ ಕಡತ ತೆರೆಯಿರಿ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಕಾಗದಗಳಲ್ಲಿ ‘ಸಿ6 ಎ’ ಅಥವಾ ‘ಟಿ10 ಸಿ’ ಎಂಬಂಥ ಚಿಕ್ಕ ಬರಹವೊಂದು ಇರುತ್ತದೆ. ಎಂಆರ್‌ಐ ಫಿಲ್ಮನ್ನು ಜೋಪಾನವಾಗಿಟ್ಟು ಇದನ್ನು ಓದದೆ ಬಿಟ್ಟವರೇ ಹೆಚ್ಚು. ಮೊದಲ ಅಕ್ಷರ ಮತ್ತು ಅಂಕಿ ಪೆಟ್ಟಿನ ಮಟ್ಟವನ್ನು ಹೇಳುತ್ತವೆ: ಸಿ ಎಂದರೆ ಕುತ್ತಿಗೆ, ಟಿ ಎದೆಯ ಭಾಗ, ಎಲ್ ಸೊಂಟ, ಎಸ್ ಅದಕ್ಕೂ ಕೆಳಗೆ. ಆ ಮಟ್ಟದವರೆಗೆ ಸ್ಪರ್ಶವೂ ಬಲವೂ ಸರಿಯಾಗಿವೆ ಎಂದರ್ಥ. ಕೊನೆಯ ಅಕ್ಷರ ಎ ಇಂದ ಇ ವರೆಗಿನ ದರ್ಜೆ. ‘ಎ’ ಎಂದರೆ ಪೂರ್ಣ ಪೆಟ್ಟು, ‘ಬಿ’ಯಲ್ಲಿ ಕೆಳಗೆ ಸ್ಪರ್ಶ ಮಾತ್ರ ಉಳಿದಿದೆ, ‘ಸಿ’ ಮತ್ತು ‘ಡಿ’ಯಲ್ಲಿ ಚಲನೆಯೂ ಅಷ್ಟಿಷ್ಟು ಉಳಿದಿದೆ, ‘ಇ’ ಎಂದರೆ ಸಹಜ ಸ್ಥಿತಿ.

‘ಎ’ ದರ್ಜೆ ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸುವ ಪರೀಕ್ಷೆ ಕಾಲಿನಲ್ಲಿ ನಡೆಯುವುದಿಲ್ಲ, ಗುದದ್ವಾರದ ಬಳಿ ನಡೆಯುತ್ತದೆ. ಬೆನ್ನುಹುರಿಯ ಕಟ್ಟಕಡೆಯ ನರಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿ ಸ್ಪರ್ಶ ತಿಳಿದರೆ, ಅಥವಾ ಅಲ್ಲಿನ ಸ್ನಾಯುವನ್ನು ಬಿಗಿಹಿಡಿಯಲು ಬಂದರೆ, ಪೆಟ್ಟಿನ ಜಾಗವನ್ನು ದಾಟಿ ಸಂದೇಶ ಹೋಗುತ್ತಿದೆ ಎಂದಾಯಿತು. ವೈದ್ಯರು ಈ ಪರೀಕ್ಷೆ ಮಾಡುವಾಗ ಮುಜುಗರಪಡಬೇಡಿ. ಇಡೀ ಕಡತದಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ.

ಹಾಗೆಯೇ ‘ತುಂಡಾಗಿದೆ’ ಎಂಬ ಮಾತನ್ನೂ ಅನುಮಾನದಿಂದಲೇ ಕೇಳಿ. ಬೆನ್ನುಹುರಿ ಕತ್ತರಿಸಿದಂತೆ ಎರಡಾಗುವುದು ಅಪರೂಪ. ಹೆಚ್ಚಿನವರಲ್ಲಿ ಅದು ಜಜ್ಜಿರುತ್ತದೆ, ಅಂಚಿನಲ್ಲಿ ಕೆಲವು ಎಳೆಗಳು ಉಳಿದಿರುತ್ತವೆ. ಮುಂದೆ ಹೇಳುವ ವಿದ್ಯುತ್ ಚಿಕಿತ್ಸೆ ಬಹುಮಟ್ಟಿಗೆ ನಿಂತಿರುವುದು ಆ ಎಳೆಗಳ ಮೇಲೆ.

ಹಂತ 2: ಪೆಟ್ಟಾಗಿ ಎಷ್ಟು ಕಾಲವಾಯಿತು?

ಕೆಲವು ಚಿಕಿತ್ಸೆಗಳಿಗೆ ಗಂಟೆಗಳ ಲೆಕ್ಕ. ಮುರಿದ ಮೂಳೆ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಆ ಒತ್ತಡವನ್ನು ಬೇಗ ತೆಗೆಯಬೇಕು. 2012ರಲ್ಲಿ ಪ್ರಕಟವಾದ, ಕುತ್ತಿಗೆಗೆ ಪೆಟ್ಟಾದ 313 ಜನರ ಅಧ್ಯಯನದಲ್ಲಿ, 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರ ಪೈಕಿ ಆರು ತಿಂಗಳಿಗೆ ಎರಡು ದರ್ಜೆ ಮೇಲೆ ಬಂದವರು ಶೇ 19.8, ತಡವಾಗಿ ಆದವರಲ್ಲಿ ಶೇ 8.8. ಇಂಥ ಚಿಕಿತ್ಸೆಯ ಸುದ್ದಿ ಮೂರು ವರ್ಷ ಹಳೆಯ ಪೆಟ್ಟಿಗೆ ಅನ್ವಯಿಸುವುದಿಲ್ಲ. ಔಷಧಗಳ ಕಥೆ ಬೇರೆ. 1990ರಲ್ಲಿ ಭಾರಿ ಭರವಸೆ ಹುಟ್ಟಿಸಿದ ಸ್ಟೆರಾಯ್ಡ್ ಮಿಥೈಲ್‌ಪ್ರೆಡ್ನಿಸೊಲೋನ್ ಅನ್ನು ಬಳಸಬೇಡಿ ಎಂದು ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಗಳು 2013ರಲ್ಲಿ ಹೇಳಿದವು. 2017ರ ಇನ್ನೊಂದು ಮಾರ್ಗಸೂಚಿ ಎಂಟು ಗಂಟೆಯೊಳಗಾದರೆ ಪರಿಗಣಿಸಬಹುದು ಎಂದಿತು. ಜಗಳ ಇನ್ನೂ ಮುಗಿದಿಲ್ಲ.

ಇನ್ನೊಂದು ಕಾರಣಕ್ಕೂ ಕಾಲ ಮುಖ್ಯ. ಪೆಟ್ಟಾದ ಮೊದಲ ಆರು ತಿಂಗಳಲ್ಲಿ ದೇಹ ತಾನಾಗಿಯೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಯಾವ ಲೇಪ ಹಚ್ಚಿದರೂ, ಯಾವ ಚುಚ್ಚುಮದ್ದು ಕೊಟ್ಟರೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ಚಿಕಿತ್ಸೆ ಪಡೆಯದವರ ಗುಂಪಿನೊಂದಿಗೆ ಹೋಲಿಸಿದ್ದಾರೆಯೇ ಎಂದು ಹುಡುಕಿ. ಹೋಲಿಸಿಲ್ಲವಾದರೆ ಕೀರ್ತಿ ಯಾರದೆಂದು ಹೇಳಲಾಗದು.

ಹಂತ 3: ತಲೆ ಎಣಿಸಿ

ಇಬ್ಬರ ಮೇಲೆ ಮಾಡಿದ ಪ್ರಯೋಗ ‘ಇದು ಸಾಧ್ಯ’ ಎಂದು ತೋರಿಸುತ್ತದೆ, ನೂರು ಜನರದು ‘ಇಷ್ಟು ಜನರಿಗೆ ಉಪಯೋಗ’ ಎಂದು. 2024ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ತಂಡವೊಂದು ಮೆದುಳಿನಾಳದ ಹೈಪೊಥಲಾಮಸ್ ಎಂಬ ಭಾಗಕ್ಕೆ ವಿದ್ಯುತ್ ಕೊಟ್ಟು, ಕಾಲು ಸ್ವಲ್ಪ ಆಡುತ್ತಿದ್ದವರ ನಡಿಗೆ ಸುಧಾರಿಸಿದ್ದನ್ನು ಪ್ರಕಟಿಸಿತು. ಬೆರಗಿನ ಸಂಗತಿಯೇ, ಆದರೆ ಭಾಗವಹಿಸಿದವರು ಇಬ್ಬರು. ಶೀರ್ಷಿಕೆಯಲ್ಲಿ ಈ ಅಂಕಿ ಕಾಣುವುದಿಲ್ಲ, ಸುದ್ದಿಯ ಏಳನೆಯ ಪ್ಯಾರಾದವರೆಗೆ ಹೋಗಬೇಕು.

ಹಂತ 4: ವಿದ್ಯುತ್ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಈಗ ಬರುತ್ತಿರುವ ವಿಡಿಯೊಗಳಲ್ಲಿ ಹೆಚ್ಚಿನವು ಇದಕ್ಕೇ ಸೇರಿದವು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಪೆಟ್ಟಾದ ಜಾಗದ ಕೆಳಗಿನ ಬೆನ್ನುಹುರಿ ಸತ್ತಿರುವುದಿಲ್ಲ. ಹೆಜ್ಜೆ ಎತ್ತಿ ಇಡುವ ನರಜಾಲ ಅಲ್ಲಿ ಹಾಗೆಯೇ ಇದೆ, ಮೇಲಿನಿಂದ ಅಪ್ಪಣೆ ಬಾರದೆ ಸುಮ್ಮನೆ ಬಿದ್ದಿದೆ. ಎಲೆಕ್ಟ್ರೋಡ್‌ಗಳ ಮೂಲಕ ಅದಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಕಾಲು ತಾನಾಗಿ ನಡೆಯಲಾರಂಭಿಸುವುದಿಲ್ಲ. ಆ ನರಜಾಲದ ಕಿವಿ ಚುರುಕಾಗುತ್ತದೆ. ಉಳಿದ ಎಳೆಗಳಲ್ಲಿ ಬರುವ ಮೆದುಳಿನ ಪಿಸುಮಾತು ಆಗ ಅದಕ್ಕೆ ಕೇಳಿಸುತ್ತದೆ.

2011ರಲ್ಲಿ ಅಮೆರಿಕದ ಲೂಯಿವಿಲ್‌ನ ತಂಡ ಬೆನ್ನುಹುರಿಯ ಪೊರೆಯ ಮೇಲೆ ಎಲೆಕ್ಟ್ರೋಡ್ ಇರಿಸಿ, ಒಬ್ಬ ಯುವಕ ಎದ್ದು ನಿಂತದ್ದನ್ನು ವರದಿ ಮಾಡಿತು. 2018ರಲ್ಲಿ ಬೇರೆಬೇರೆ ಮೂರು ತಂಡಗಳು ಹೆಜ್ಜೆ ಹಾಕಿಸಿದವು. 2023ರಲ್ಲಿ ಸ್ವಿಟ್ಜರ್ಲೆಂಡ್‌ನ ಸಂಶೋಧಕರು ತಲೆಬುರುಡೆಯಲ್ಲಿ ಸಂವೇದಕಗಳನ್ನು ಕೂರಿಸಿ, ನಡೆಯಬೇಕೆಂಬ ಯೋಚನೆಯನ್ನು ಕಂಪ್ಯೂಟರ್ ಮೂಲಕ ಬೆನ್ನುಹುರಿಯ ಎಲೆಕ್ಟ್ರೋಡ್‌ಗಳಿಗೆ ತಲುಪಿಸಿದರು. ಪೆಟ್ಟಾಗಿ ಹತ್ತು ವರ್ಷಕ್ಕೂ ಹೆಚ್ಚಾಗಿದ್ದ ಡಚ್ ವ್ಯಕ್ತಿಯೊಬ್ಬರು ಹೀಗೆ ನಡೆದರು, ಮೆಟ್ಟಿಲನ್ನೂ ಹತ್ತಿದರು. ತರಬೇತಿಯ ಬಳಿಕ ಯಂತ್ರ ಆರಿಸಿದರೂ ಊರುಗೋಲು ಹಿಡಿದು ಒಂದಷ್ಟು ನಡೆಯಬಲ್ಲವರಾದರು. ನನ್ನನ್ನು ಅಚ್ಚರಿಗೊಳಿಸಿದ್ದು ಈ ಕೊನೆಯ ಸಂಗತಿ: ನರಗಳು ಅಭ್ಯಾಸದಿಂದ ಮತ್ತೆ ಕಲಿಯುತ್ತಿರುವಂತೆ ಕಾಣುತ್ತದೆ.

ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು ಇಷ್ಟು ನಾಟಕೀಯವಲ್ಲದ ಇನ್ನೊಂದು ಪ್ರಯೋಗ, 2024ರ ಮೇ ತಿಂಗಳಿನದು. ಇದರಲ್ಲಿ ಶಸ್ತ್ರಚಿಕಿತ್ಸೆ ಇಲ್ಲ. ಕುತ್ತಿಗೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ವಿದ್ಯುತ್ ಹಾಯುತ್ತಿರುವಾಗಲೇ ಕೈಗೆ ವ್ಯಾಯಾಮ ಮಾಡಿಸಿದರು. 60 ಜನ, ಎರಡು ತಿಂಗಳು ಬರೀ ವ್ಯಾಯಾಮ, ಮುಂದಿನ ಎರಡು ತಿಂಗಳು ವಿದ್ಯುತ್ತಿನ ಜೊತೆ ವ್ಯಾಯಾಮ. ಶೇ 72 ಮಂದಿಯಲ್ಲಿ ಕೈಯ ಬಲ, ಕೆಲಸ ಎರಡೂ ಮೊದಲೇ ಗೊತ್ತುಪಡಿಸಿದ ಮಟ್ಟಕ್ಕೆ ಸುಧಾರಿಸಿದವು. ಪೆಟ್ಟಾಗಿ 34 ವರ್ಷ ಕಳೆದವರಿಗೂ ಪ್ರಯೋಜನವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಸಾಧನಕ್ಕೆ ಅನುಮತಿ ಕೊಟ್ಟಿತು.

ಈಗ ಹಂತ 1ರ ಕಡತವನ್ನು ಕೈಗೆತ್ತಿಕೊಳ್ಳಿ. ಈ ಪ್ರಯೋಗದಲ್ಲಿದ್ದವರೆಲ್ಲ ಕುತ್ತಿಗೆಗೆ ಪೆಟ್ಟಾದ, ಬಿ, ಸಿ, ಡಿ ದರ್ಜೆಯವರು. ‘ಎ’ ದರ್ಜೆಯವರು ಇರಲಿಲ್ಲ. ಪ್ರತ್ಯೇಕ ಹೋಲಿಕೆಯ ಗುಂಪೂ ಇರಲಿಲ್ಲ, ಅದೇ ಜನರ ಮೊದಲ ಎರಡು ತಿಂಗಳೇ ಹೋಲಿಕೆ. ನಿಮ್ಮ ಕಡತ ‘ಟಿ8 ಎ’ ಎನ್ನುತ್ತಿದ್ದರೆ ಈ ಶೇ 72 ನಿಮ್ಮದಲ್ಲ.

ಹಂತ 5: ಏನನ್ನು ಅಳೆದಿದ್ದಾರೆ?

ನಡಿಗೆಯನ್ನೇ ಎಲ್ಲರೂ ಕೇಳುತ್ತಾರೆ. ಪೆಟ್ಟಾದವರನ್ನೇ ಕೇಳಿದರೆ ಉತ್ತರ ಬೇರೆ. 2004ರಲ್ಲಿ ಪ್ರಕಟವಾದ, 681 ಜನ ಉತ್ತರಿಸಿದ ಅಮೆರಿಕದ ಸಮೀಕ್ಷೆಯಲ್ಲಿ, ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವರು ಮೊದಲು ಬೇಕೆಂದದ್ದು ಕೈಯ ಶಕ್ತಿ. ಕಾಲು ಮಾತ್ರ ಕಳೆದುಕೊಂಡವರು ಲೈಂಗಿಕ ಸಾಮರ್ಥ್ಯವನ್ನು ಮೊದಲಿಗಿಟ್ಟರು. ಮಲಮೂತ್ರದ ಹಿಡಿತ ಇಬ್ಬರ ಪಟ್ಟಿಯಲ್ಲೂ ಮೇಲೆಯೇ ಇತ್ತು.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಪೆನ್ಸಿಲ್ ನಿಲ್ಲುವಷ್ಟು ಬಲ ಬಂದರೆ ಏನಾಗುತ್ತದೆ ನೋಡಿ. ಕ್ಯಾತಿಟರಿನ (ಮೂತ್ರ ಹೊರತೆಗೆಯುವ ಕೊಳವೆ) ಪೊಟ್ಟಣವನ್ನು ತಾನೇ ಹರಿಯಬಹುದು. ಪ್ಯಾಂಟಿನ ಜಿಪ್ ಎಳೆಯಬಹುದು. ದಿನಕ್ಕೆ ನಾಲ್ಕೈದು ಸಲ ತಾಯಿಯನ್ನೋ ಹೆಂಡತಿಯನ್ನೋ ಕರೆಯುವುದು ತಪ್ಪುತ್ತದೆ. ವಿಡಿಯೊದಲ್ಲಿ ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ. ‘ನಡೆಯುತ್ತಾರಾ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ದಿನದ ಯಾವ ಕೆಲಸ ಹಗುರಾಗುತ್ತದೆ?’ ಎಂದು ಕೇಳಿದರೆ ಇಂಥ ಸುದ್ದಿ ಕಣ್ಣಿಗೆ ಬೀಳುತ್ತದೆ. ಬ್ಯಾಟರಿಯೇ ಇಲ್ಲದ ದಾರಿಯೂ ಉಂಟು: ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಭುಜದ ಬಳಿಯ ಆರೋಗ್ಯವಂತ ನರಗಳನ್ನು ಕೈಯ ಸೋತ ನರಗಳಿಗೆ ಜೋಡಿಸಿ, ಮೊಣಕೈ ಚಾಚುವ, ವಸ್ತು ಹಿಡಿಯುವ ಶಕ್ತಿ ಮರಳಿಸಿದ ವರದಿ 2019ರಲ್ಲಿ ಬಂದಿತು. ಇದಕ್ಕೆ ಪೆಟ್ಟಾದ ಮೊದಲ ಒಂದೂವರೆ ವರ್ಷದೊಳಗಿನ ಕಾಲ ಸೂಕ್ತ. ಆಮೇಲೆ ಕೇಳಿದರೆ ತಡವಾಗಿರಬಹುದು.

ಹಂತ 6: ‘ಸ್ಟೆಮ್‌ಸೆಲ್’ ಎಂದ ಕೂಡಲೇ ಹಣದ ಚೀಲ ಬಿಚ್ಚಬೇಡಿ

ಸ್ಟೆಮ್‌ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಗಂಭೀರ ಸಂಶೋಧನೆ ಇಲ್ಲಿಯೂ ನಡೆಯುತ್ತಿದೆ. ಜಪಾನಿನ ಕೇಯೊ ವಿಶ್ವವಿದ್ಯಾಲಯ ಐಪಿಎಸ್ ಕೋಶಗಳಿಂದ (ಬೆಳೆದ ಕೋಶವನ್ನು ಹಿಂದಿನ ಸ್ಥಿತಿಗೆ ಮರಳಿಸಿ ಮಾಡಿದ ಮೂಲಕೋಶ) ಬೆಳೆಸಿದ, ನರಕೋಶವಾಗಬಲ್ಲ ಎಳೆಯ ಕೋಶಗಳನ್ನು ನಾಲ್ವರಿಗೆ ಹಾಕಿ, ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ, ಇಬ್ಬರಲ್ಲಿ ಸುಧಾರಣೆ ಕಂಡಿತು ಎಂದು 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಪೆಟ್ಟಾದ ಕೆಲವೇ ವಾರಗಳೊಳಗೆ ಕೊಟ್ಟ ಚಿಕಿತ್ಸೆ ಇದು. ಹಂತ 2ರ ಕಾಗೆಯನ್ನು ನೆನಪಿಡಿ. 2018ರಲ್ಲಿ ಅದೇ ದೇಶ 13 ಜನರ ಫಲಿತಾಂಶದ ಆಧಾರದ ಮೇಲೆ ಇನ್ನೊಂದು ಕೋಶಚಿಕಿತ್ಸೆಗೆ ಷರತ್ತಿನ ಅನುಮತಿ ಕೊಟ್ಟಾಗ ಪರಿಣತರಿಂದ ತೀವ್ರ ಟೀಕೆ ಬಂದಿತ್ತು.

ಅಪಾಯವೂ ಕಲ್ಪನೆಯದಲ್ಲ. ಬೆನ್ನುಹುರಿಗೆ ಮೂಗಿನೊಳಗಿನ ಅಂಗಾಂಶ ಹಾಕಿಸಿಕೊಂಡಿದ್ದ ಯುವತಿಗೆ ಎಂಟು ವರ್ಷದ ನಂತರ ಬೆನ್ನುನೋವು ಶುರುವಾಯಿತು. ತೆರೆದು ನೋಡಿದರೆ ಅಲ್ಲೊಂದು ಗಡ್ಡೆ, ಅದರೊಳಗೆ ಸಿಂಬಳದಂಥ ದ್ರವ. ಮೂಗಿನ ಕೋಶಗಳು ಮೂಗಿನ ಕೆಲಸವನ್ನೇ ಮಾಡುತ್ತಿದ್ದವು. 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾದ ಪ್ರಕರಣವಿದು.

ಹಂತ 7: ಕಾಯುತ್ತಿರುವಾಗ ದೇಹವನ್ನು ಕೆಡಲು ಬಿಡಬೇಡಿ

ಎರಡನೇ ಮಹಾಯುದ್ಧಕ್ಕೆ ಮುಂಚೆ ಈ ಪೆಟ್ಟಾದವರಲ್ಲಿ ಬಹುತೇಕರು ಸಾಯುತ್ತಿದ್ದುದು ಮೂತ್ರದ ಸೋಂಕಿನಿಂದ ಮತ್ತು ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣಿನ ನಂಜಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ರೋಗಿಗಳನ್ನು ಎರಡು ಗಂಟೆಗೊಮ್ಮೆ ಹಗಲೂ ರಾತ್ರಿ ಮಗ್ಗುಲು ಬದಲಿಸಿ ಮಲಗಿಸುವ ಕಟ್ಟುಪಾಡು ತಂದರು. ಹಾಸಿಗೆ ಹಿಡಿದವರಿಗೆ ಆ ನಿಯಮ ಇಂದಿಗೂ ಆರಂಭದ ಅಳತೆಗೋಲು. ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಪೃಷ್ಠದ ಮೇಲಿನ ಭಾರ ಇಳಿಸಬೇಕು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿ. ಬೆರಳಿನಿಂದ ಒತ್ತಿದಾಗ ಬಿಳಿಚದ ಕೆಂಪು ಕಲೆ ಹುಣ್ಣಿನ ಆರಂಭ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಬಿಸಿ ಮತ್ತು ಗಡಸುತನವನ್ನು ಮುಟ್ಟಿ ನೋಡಬೇಕು.

ಮೂತ್ರಕೋಶವನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್‌ನಿಂದ ಖಾಲಿ ಮಾಡಬೇಕು. ಶುಚಿಯಾದ ಕ್ಯಾತಿಟರ್‌ನಿಂದ ತಾವೇ ಹೀಗೆ ಮಾಡಿಕೊಳ್ಳುವ ಪದ್ಧತಿ 1972ರಿಂದ ಬಂದದ್ದು. ಒಂದು ಸಲಕ್ಕೆ 500 ಮಿಲಿಲೀಟರ್ ಮೀರದಂತೆ ನೋಡಿಕೊಳ್ಳಬೇಕು. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು, ಜ್ವರವಾಗಲಿ ಬೇರೆ ಲಕ್ಷಣವಾಗಲಿ ಇಲ್ಲದಿದ್ದರೂ ಆ್ಯಂಟಿಬಯಾಟಿಕ್ ನುಂಗುವುದು ಸಾಮಾನ್ಯವಾಗಿ ತಪ್ಪು.

ಎಲ್ಲಕ್ಕಿಂತ ತುರ್ತಿನದು ಇದು. ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ, ಕೆಳಗಿನ ದೇಹದ ಒಂದು ಚಿಕ್ಕ ಕಿರಿಕಿರಿ ರಕ್ತದೊತ್ತಡವನ್ನು ಹಠಾತ್ತನೆ ಏರಿಸಬಲ್ಲದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ರೋಮ ನಿಮಿರುತ್ತದೆ. ಕಾರಣ ಹಲವು ಸಲ ತೊಡೆಯ ಕೆಳಗೆ ಮಡಚಿಕೊಂಡ ಕ್ಯಾತಿಟರ್ ಕೊಳವೆ. ಮಲಗಿಸಬೇಡಿ, ಎಬ್ಬಿಸಿ ಕೂರಿಸಿ, ಕಾಲು ಇಳಿಬಿಡಿ, ಬೆಲ್ಟು, ಸಾಕ್ಸು ಸಡಿಲಿಸಿ. ಕೊಳವೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ, ಮೂತ್ರಕೋಶ ಖಾಲಿ ಮಾಡಿ. ಆಮೇಲೆ ಮಲಕಟ್ಟು, ನಂತರ ಚರ್ಮದ ಗಾಯ. ಕೆಲವು ನಿಮಿಷಗಳಿಗೊಮ್ಮೆ ರಕ್ತದೊತ್ತಡ ಅಳೆಯುತ್ತಿರಿ. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ, ಕೈಯಲ್ಲಿ ಒಂದು ಚೀಟಿ ಇರಲಿ: ‘ಇವರ ಎಂದಿನ ರಕ್ತದೊತ್ತಡ ಇಷ್ಟು.’ ಇಂಥವರಲ್ಲಿ ಮೇಲಿನ ಅಂಕಿ ಎಂದೂ 100ರ ಆಸುಪಾಸಿನಲ್ಲಿರಬಹುದು. 140 ಕಂಡ ವೈದ್ಯರು ‘ಪರವಾಗಿಲ್ಲ’ ಎಂದುಬಿಟ್ಟರೆ ಅಪಾಯ, ಅದು 40 ಏರಿದೆ.

ಹಂತ 8: ಪ್ರಯೋಗಕ್ಕೆ ಸೇರುವ ಮುನ್ನ ಕೇಳಬೇಕಾದ್ದು

ಎಲ್ಲಿ ನೋಂದಣಿಯಾಗಿದೆ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ನಮ್ಮ ದರ್ಜೆಯವರು ಎಷ್ಟು ಜನ ಈವರೆಗೆ ಸೇರಿದ್ದಾರೆ? ಒಳಗಿಟ್ಟ ಸಾಧನ ಕೆಟ್ಟರೆ, ಕಂಪನಿ ಮುಚ್ಚಿದರೆ, ತೆಗೆಸುವ ಖರ್ಚು ಯಾರದು? ಅದಿದ್ದರೆ ಎಂಆರ್‌ಐ ಮಾಡಿಸಬಹುದೇ? ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವುದಿಲ್ಲ. ಕೊನೆಯದಾಗಿ, ಇದಕ್ಕೆ ಸೇರಿದರೆ ಮುಂದಿನ ಪ್ರಯೋಗಗಳ ಬಾಗಿಲು ಮುಚ್ಚುತ್ತದೆಯೇ ಎಂದು ಕೇಳಿ. ಎಲ್ಲೋ ಹಣ ತೆತ್ತು ಕೋಶ ಚುಚ್ಚಿಸಿಕೊಂಡವರನ್ನು ಅನೇಕ ಪ್ರಯೋಗಗಳು ಆ ಒಂದೇ ಕಾರಣಕ್ಕೆ ಸೇರಿಸಿಕೊಳ್ಳುವುದಿಲ್ಲ.