ಅಮೆರಿಕದ ಪೌರತ್ವದ ಅರ್ಜಿ: ಕೈಬರಹ ಅಸ್ಪಷ್ಟವಾಗಿರುವವರು ಗಮನಿಸಬೇಕಾದದ್ದು

ಅಮೆರಿಕದ ಪೌರತ್ವಕ್ಕೆ ಸಲ್ಲಿಸುವ ಎನ್-400 ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಲು ಅಥವಾ ಟೈಪ್ ಮಾಡಿ ಮುದ್ರಿಸಲು ಅವಕಾಶವಿದ್ದು, ಕೈಬರಹದ ಬಗ್ಗೆ ಅಳುಕಿರುವವರಿಗೆ ಇದೇ ಸುರಕ್ಷಿತ ದಾರಿಯೆಂದು ನಾನು ನಂಬುತ್ತೇನೆ. ಕೈಯಿಂದಲೇ ಬರೆಯುವುದಾದರೆ ಕಪ್ಪು ಶಾಯಿಯನ್ನು ಬಳಸಿ, ಕೂಡಕ್ಷರಗಳನ್ನು ಬಿಟ್ಟು ಬಿಡಿ ಅಕ್ಷರಗಳಲ್ಲಿ ಬರೆಯಿರಿ. 1 ಮತ್ತು 7, 4 ಮತ್ತು 9 ಒಂದರಂತೆ ಇನ್ನೊಂದು ಕಾಣದಂತೆ ಎಚ್ಚರ ವಹಿಸಿ. ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತದೆ ಎಂಬುದನ್ನು, ದಿನವನ್ನು ಮೊದಲು ಬರೆದು ರೂಢಿಯಾದ ನಮ್ಮವರು ವಿಶೇಷವಾಗಿ ನೆನಪಿಡಬೇಕು. ಅಕ್ಷರ ಎಷ್ಟೇ ಸುಂದರವಾಗಿದ್ದರೂ ಈ ತಪ್ಪನ್ನು ಅದು ಮುಚ್ಚಲಾರದು. ಸಹಿ ಮಾತ್ರ ಓದಲು ಬರಬೇಕೆಂದಿಲ್ಲ, ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ. ನೀವು ಎಂದಿನಂತೆ ಮಾಡುವ ಸಹಿಯೇ ಸಾಕು.

ಹೆಚ್ಚಿನವರನ್ನು ಕಾಡುವುದು ಸಂದರ್ಶನದ ಬರವಣಿಗೆ ಪರೀಕ್ಷೆ. ಅಧಿಕಾರಿ ಹೇಳುವ ಇಂಗ್ಲಿಷ್ ವಾಕ್ಯಗಳಲ್ಲಿ, ಮೂರು ಅವಕಾಶಗಳೊಳಗೆ ಒಂದನ್ನು ಅರ್ಥವಾಗುವಂತೆ ಬರೆದರೆ ತೇರ್ಗಡೆಯಾಗುತ್ತೀರಿ. ಅರ್ಥಕ್ಕೆ ಅಡ್ಡಿಯಾಗದ ಕಾಗುಣಿತ, ದೊಡ್ಡಕ್ಷರ ಹಾಗೂ ವಿರಾಮಚಿಹ್ನೆಗಳ ತಪ್ಪುಗಳಿಂದ ಅನುತ್ತೀರ್ಣರಾಗುವುದಿಲ್ಲ; ಆದರೆ ಪೂರ್ತಿ ಓದಲಾಗದ ವಾಕ್ಯ, ಇಲ್ಲವೇ ಹೇಳಿದ ಪದಕ್ಕೆ ಬದಲಾಗಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ಬರೆದ ಸಂಕ್ಷಿಪ್ತ ರೂಪ ಸಲ್ಲದು. ಕಾಗದದ ಬದಲು ಟ್ಯಾಬ್ಲೆಟ್ ಮೇಲೆ ಬರೆಯಬೇಕಾಗಬಹುದು, ಆ ಜಾರುವ ಗಾಜಿನ ಮೇಲೆ ಒಳ್ಳೆಯ ಕೈಬರಹವೂ ಸೊಟ್ಟಗಾಗುವುದರಿಂದ ಮನೆಯಲ್ಲಿ ಯಾವುದಾದರೂ ಟಚ್‌ಸ್ಕ್ರೀನ್ ಮೇಲೆ ದಪ್ಪ ಅಕ್ಷರಗಳಲ್ಲಿ, ನಿಧಾನವಾಗಿ ಅಭ್ಯಾಸ ಮಾಡಿಕೊಳ್ಳಿ. ಮೊದಲ ಬಾರಿ ತಪ್ಪಿದರೂ ಸೋತ ಭಾಗವನ್ನು ಮಾತ್ರ ಸಾಮಾನ್ಯವಾಗಿ 60ರಿಂದ 90 ದಿನಗಳೊಳಗೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯದಿಂದ ಇಂಗ್ಲಿಷ್ ಪರೀಕ್ಷೆ ಎದುರಿಸಲಾಗದವರು ವೈದ್ಯರು ದೃಢೀಕರಿಸಿದ ಎನ್-648 ನಮೂನೆಯ ಮೂಲಕ ವಿನಾಯಿತಿ ಕೋರಬಹುದು.